ಮಹಿಳೆಯರೇ ನಡೆಸುವ ಧಾನ್ಯದ ಅಂಗಡಿ

ನಮ್ಮ ಒಣಬೇಸಾಯದ ಹಳ್ಳಿಗಳಲ್ಲಿ ಬೀಜ ಆರಿಸುವುದು, ಕಳೆ ತೆಗೆಯುವುದು, ಧಾನ್ಯ ಕೇರಿ ಹಸನು ಮಾಡಿ ಕಾಪಾಡುವುದು ಬಹುಮಟ್ಟಿಗೆ ಹೆಂಗಸರ ಕೆಲಸ. ಆದರೆ ಫಸಲು ಪೇಟೆಗೆ ಹೋಗುವಾಗ ಬಂಡಿಯ ಜೊತೆ ಹೋಗುವವರು, ದರ ಮಾತನಾಡುವವರು, ಹಣ ಎಣಿಸಿಕೊಳ್ಳುವವರು ಗಂಡಸರು. ಬೆಳೆದ ಧಾನ್ಯವನ್ನು ಹಸನು ಮಾಡಿ, ಹಿಟ್ಟು ಇಲ್ಲವೆ ಅಕ್ಕಿ ಮಾಡಿ, ಮಹಿಳೆಯರೇ ಒಡೆತನದಲ್ಲಿ ಮಾರುವ ಸಣ್ಣ ಅಂಗಡಿ ಈ ಕೊರತೆಯನ್ನು ನೀಗಬಲ್ಲದು. ಬಾಗಿಲ ಮೇಲೆ ಮಹಿಳಾ ಸಂಘದ ಹೆಸರು ಬರೆಸಿದ ಮಾತ್ರಕ್ಕೆ ಈ ಉದ್ದೇಶ ಈಡೇರುವುದಿಲ್ಲ. ದುಡಿದವರಿಗೆ ಕೂಲಿ, ಒಡೆತನ ಮತ್ತು ತೀರ್ಮಾನದ ಹಕ್ಕು ಮೂರೂ ಸಿಗಬೇಕು. ಸ್ತ್ರೀಸಮಾನತೆಯ ತತ್ತ್ವವೆಂದರೆ ವ್ಯಾಪಾರದಲ್ಲಿ ಇಷ್ಟೇ.

ಅನುಭವ ಏನು ಹೇಳುತ್ತದೆ?

1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಹಪ್ಪಳ ಮಾಡತೊಡಗಿದರು. ಇದೇ ಮುಂದೆ ಲಿಜ್ಜತ್ ಹಪ್ಪಳದ ಸಂಸ್ಥೆಯಾಗಿ ಬೆಳೆಯಿತು. ಹಪ್ಪಳ ಲಟ್ಟಿಸುವ ಪ್ರತಿಯೊಬ್ಬ ಸದಸ್ಯೆಯೂ ಅದರ ಒಡತಿ. ಲಾಭವಾಗಲಿ ನಷ್ಟವಾಗಲಿ ಎಲ್ಲರ ಪಾಲು. ದಾನ ಪಡೆಯಬಾರದೆಂದು ಅವರು ಮೊದಲಲ್ಲಿಯೇ ನಿಶ್ಚಯಿಸಿಕೊಂಡಿದ್ದರು.

ನಮ್ಮ ಬೀದರಿನ ನೆರೆಯಲ್ಲಿರುವ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳಾ ಸಂಘಗಳು 1990ರ ದಶಕದಲ್ಲಿ ಬೀಳುಭೂಮಿಯನ್ನು ಸಾಗುವಳಿಗೆ ತಂದವು. ಬಂದ ಜೋಳವನ್ನು ಊರಿನಲ್ಲಿಯೇ ದಾಸ್ತಾನು ಮಾಡಿ, ಬಡ ಕುಟುಂಬಗಳಿಗೆ ಅಗ್ಗದ ದರದಲ್ಲಿ ಹಂಚಿದವು. ಈ ಸೊಸೈಟಿಯನ್ನು ಬಹುಕಾಲ ನಡೆಸಿದ ಪಿ. ವಿ. ಸತೀಶ್ ಮೈಸೂರಿನವರು. ಅವರು 2023ರಲ್ಲಿ ನಿಧನರಾದರು. ಇಲ್ಲಿನ ಮಹಿಳೆಯರ ಕೆಲಸಕ್ಕೆ 2019ರಲ್ಲಿ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿ ದೊರೆಯಿತು. 2025ರಲ್ಲಿ ಇದೇ ಪ್ರಶಸ್ತಿ ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ ಬಂದಿತು. ಈ ಸಂಘದ ಮಹಿಳೆಯರು ಸಿರಿಧಾನ್ಯದ ಬೀಜ ಬ್ಯಾಂಕು ಮತ್ತು ಸಂಸ್ಕರಣಾ ಘಟಕ ನಡೆಸುತ್ತಾರೆ.

ಕೂಲಿಯನ್ನು ಲೆಕ್ಕಕ್ಕೆ ಹಿಡಿಯಿರಿ

ಇಂತಹ ಅಂಗಡಿಗಳು ಸೋಲುವುದಕ್ಕೆ ಒಂದು ಮುಖ್ಯ ಕಾರಣ, ಹೆಂಗಸರ ದುಡಿಮೆಗೆ ಬೆಲೆ ಕಟ್ಟದೇ ಇರುವುದು. ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಇಲ್ಲಿನ ದರಗಳು ಉದಾಹರಣೆಗೆ ಮಾತ್ರ. ನಿಮ್ಮ ಊರಿನ ದರ ಹಾಕಿ ನೋಡಿಕೊಳ್ಳಿ.

100 ಕಿಲೋ ನವಣೆಯಿಂದ 60 ಕಿಲೋ ಅಕ್ಕಿ ಬಂದಿತೆಂದು ಇಟ್ಟುಕೊಳ್ಳೋಣ. ನವಣೆಗೆ 4000 ರೂ., ಸಾಗಾಣಿಕೆಗೆ 150 ರೂ., ಗಿರಣಿಗೆ 500 ರೂ., ಚೀಲಗಳಿಗೆ 240 ರೂ. ಸೇರಿ 4890 ರೂ. ಖರ್ಚು. ಕಿಲೋಗೆ 90 ರೂ.ನಂತೆ ಮಾರಿದರೆ 5400 ರೂ. ಬರುತ್ತದೆ. 510 ರೂ. ಲಾಭವಾಯಿತೆಂದು ಸಂಘ ಸಂತೋಷಪಡುತ್ತದೆ. ಆದರೆ ಇಬ್ಬರು ದಿನವಿಡೀ ಕಲ್ಲು ಆರಿಸಿ ಹಸನು ಮಾಡಿದ ಕೂಲಿ 800 ರೂ., ಅಂಗಡಿಯಲ್ಲಿ ಕುಳಿತು ಮಾರಿದವರ ಕೂಲಿಯ ಪಾಲು 600 ರೂ. ಸೇರಿಸಿದರೆ ನಿಜವಾದ ಖರ್ಚು 6290 ರೂ. ಅಂದರೆ 890 ರೂ. ನಷ್ಟ! ಲಾಭವೆಂದು ಕಂಡದ್ದು ಸದಸ್ಯೆಯರ ಪುಕ್ಕಟೆ ದುಡಿಮೆಯ ಒಂದು ಪಾಲು. ಮಾರಾಟದ ದರ ಕಿಲೋಗೆ 105 ರೂ.ಗಿಂತ ಕೆಳಗೆ ಇಳಿಯಬಾರದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಆ ದರಕ್ಕೆ ಗಿರಾಕಿ ಸಿಗದಿದ್ದರೆ ಬೇರೆ ಧಾನ್ಯವನ್ನೋ ಕಡಿಮೆ ಖರ್ಚಿನ ಗಿರಣಿಯನ್ನೋ ಹುಡುಕಬೇಕೇ ಹೊರತು ಕೂಲಿ ಬಿಡಬಾರದು.

ಪಾಲಿಸಬೇಕಾದ ಕ್ರಮಗಳು

1. ಬ್ಯಾಂಕ್ ಖಾತೆ, ಪರವಾನಗಿ, ಬಾಡಿಗೆ ಕರಾರು ಎಲ್ಲವೂ ಸಂಘದ ಹೆಸರಿನಲ್ಲಿರಲಿ. ರುಜು ಹಾಕುವವರು ಸದಸ್ಯೆಯರೇ ಆಗಿರಲಿ.

2. ಲೆಕ್ಕ ಬರೆಯುವುದು, ಖರೀದಿ, ಮಾರಾಟ ಈ ಕೆಲಸಗಳನ್ನು ಸರದಿಯ ಮೇಲೆ ಬದಲಿಸಿ. ಓದು ಬರಹ ಬಲ್ಲ ಒಬ್ಬರ ಕೈಯಲ್ಲಿಯೇ ಪುಸ್ತಕ ಉಳಿದರೆ ಒಡೆತನವೂ ಅವರಲ್ಲಿಯೇ ಉಳಿಯುತ್ತದೆ. ಓದಲು ಬಾರದವರಿಗಾಗಿ ವಾರಕ್ಕೊಮ್ಮೆ ಲೆಕ್ಕವನ್ನು ಗಟ್ಟಿಯಾಗಿ ಓದಿ ಹೇಳಿ.

3. ಭೂಮಿಯಿಲ್ಲದ ಕೂಲಿ ಹೆಂಗಸರನ್ನೂ ಎಲ್ಲ ಜಾತಿಯವರನ್ನೂ ಸದಸ್ಯೆಯರನ್ನಾಗಿ ಸೇರಿಸಿಕೊಳ್ಳಿ. ಒಬ್ಬರಿಗೆ ಒಂದೇ ಮತ.

4. ಧಾನ್ಯವನ್ನು ಶೇಕಡಾ 12ಕ್ಕಿಂತ ಹೆಚ್ಚು ತೇವಾಂಶವಿರದಂತೆ ಒಣಗಿಸಿ ದಾಸ್ತಾನು ಮಾಡಿ. ಸಜ್ಜೆಯ ಹಿಟ್ಟು ಅದರಲ್ಲಿನ ಕೊಬ್ಬಿನಿಂದಾಗಿ ಬೇಗ ಕಹಿಯಾಗುತ್ತದೆ. ಆದುದರಿಂದ ಕೆಲವೇ ದಿನಗಳಲ್ಲಿ ಮಾರಾಟವಾಗುವಷ್ಟನ್ನು ಮಾತ್ರ ಬೀಸಿಸಿ.

5. ಆಹಾರ ಪದಾರ್ಥ ಮಾರಲು ಆಹಾರ ಸುರಕ್ಷತಾ ನೋಂದಣಿ ಅಗತ್ಯ. ತಕ್ಕಡಿಗೆ ಮುದ್ರೆ ಹಾಕಿಸಿರಬೇಕು. ತೂಕದಲ್ಲಿ ನಂಬಿಕೆ ಹೋದರೆ ಗಿರಾಕಿ ಮರಳಿ ಬರುವುದಿಲ್ಲ.

ಊರಿನವರ ಬೆಂಬಲ

ಅಂಗಡಿಗೆ ದೊಡ್ಡ ಅಪಾಯ ಉದ್ದರಿ. ಬಂಧುಗಳೂ ನೆರೆಯವರೂ ಸಾಲ ಕೇಳಿದಾಗ ಹೆಂಗಸರಿಗೆ ಇಲ್ಲವೆನ್ನುವುದು ಕಷ್ಟ. ಒಬ್ಬರಿಗೆ ಎಷ್ಟು ಸಾಲ, ಎಷ್ಟು ದಿನಕ್ಕೆ ಎಂಬುದನ್ನು ಸಂಘದ ಸಭೆಯಲ್ಲಿ ತೀರ್ಮಾನಿಸಿ ಹಲಗೆಯ ಮೇಲೆ ಬರೆದು ಹಾಕಿದರೆ ಆ ಹೊರೆ ಮಾರುವವರೊಬ್ಬರ ಮೇಲೆ ಬೀಳುವುದಿಲ್ಲ.

ರೈತ ಬಾಂಧವರೇ, ನಿಮ್ಮ ಪಾಲಿನ ಕೆಲಸವೂ ಉಂಟು. ಪೇಟೆಗೆ ಒಯ್ಯುವ ಧಾನ್ಯದಲ್ಲಿ ನಾಲ್ಕು ಚೀಲವನ್ನು ಸಂಘಕ್ಕೆ ಪೇಟೆಯ ದರದಲ್ಲಿ ಕೊಡಿ. ಮನೆಗೆ ಬೇಕಾದ ಹಿಟ್ಟನ್ನು ಹಣ ಕೊಟ್ಟು ಅಲ್ಲಿಯೇ ಕೊಳ್ಳಿ. ಮಡದಿಗೆ ಅಂಗಡಿಯ ಸರದಿಯಿರುವ ದಿನ ಮನೆಯ ನೀರು, ಮೇವು, ಮಕ್ಕಳ ಊಟದ ಹೊಣೆ ನೀವು ಹೊರಿರಿ. ಇಲ್ಲವಾದರೆ ಅಂಗಡಿ ಆಕೆಗೆ ಮೂರನೆಯ ದುಡಿಮೆಯಾದೀತು. ಆಕೆ ತಂದ ಹಣವನ್ನು ಹೇಗೆ ಖರ್ಚು ಮಾಡಬೇಕೆಂಬುದನ್ನು ಆಕೆಯೇ ನಿರ್ಧರಿಸಲಿ.

ಸುಗ್ಗಿಗೆ ಮೊದಲೇ ಸಭೆ ಸೇರಿ, ಒಂದೆರಡು ಧಾನ್ಯಗಳಿಂದ ಆರಂಭಿಸುವುದು ಲೇಸು. ಸಂಸ್ಕರಣೆಯ ತರಬೇತಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.