ಕಿವಿ ಹಿಂಡಿದರೆ ರೇಡಿಯೋ ಬಗ್ಗುತ್ತೆ!

ರೇಡಿಯೋ ಕಥೆ ಮುಗೀತು ಅನ್ನೋ ಮಾತು ಇಂದು ನಿನ್ನೆಯದಲ್ಲ. ಕ್ಯಾಸೆಟ್ ಬಂದಾಗ ಅಂದರು, ಟಿ.ವಿ. ಬಂದಾಗ ಅಂದರು, ಈಗ ಮೊಬೈಲ್ ಹಿಡಿದವರೂ ಅನ್ನುತ್ತಿದ್ದಾರೆ. ಆದರೆ ಕೇಳುಗ ಕಿವಿ ಹಿಂಡಿದಾಗಲೆಲ್ಲ ಈ ಪೆಟ್ಟಿಗೆ ದಾರಿಗೆ ಬಂದಿದೆ.

ಮೈಸೂರಿನವರಿಗಂತೂ ಇದು ಮನೆಯ ಕಥೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಇಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಬಂತು.

1952ರಲ್ಲಿ ಕೇಂದ್ರದ ವಾರ್ತಾ ಸಚಿವರಾದ ಬಿ.ವಿ. ಕೇಸ್ಕರ್ ಸಿನಿಮಾ ಹಾಡುಗಳನ್ನು ಬಾನುಲಿಯಿಂದ ದೂರ ಇಟ್ಟರು. ಶಾಸ್ತ್ರೀಯ ಸಂಗೀತವೇ ಜನರಿಗೆ ಒಳ್ಳೆಯದು ಎಂಬುದು ಅವರ ನಿಲುವು. ಜನ ಸುಮ್ಮನಿದ್ದರೆ? ಮುಳ್ಳನ್ನು ರೇಡಿಯೋ ಸಿಲೋನ್ ಕಡೆ ತಿರುಗಿಸಿದರು. ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಮನೆಮಾತಾಯ್ತು. ಕಡೆಗೆ 1957ರಲ್ಲಿ ವಿವಿಧ ಭಾರತಿ ಹುಟ್ಟಿತು. ಸಿನಿಮಾ ಹಾಡು ಸರಕಾರಿ ಬಾನುಲಿಗೆ ವಾಪಸ್ಸಾಯ್ತು. ಮುಳ್ಳು ತಿರುಗಿಸಿದ್ದೇ ಜನರ ಅರ್ಜಿ!

ಆಮೇಲೆ ಬಂತು ಕ್ಯಾಸೆಟ್. ರೇಡಿಯೋದಲ್ಲಾದರೆ ಅವರು ಹಾಕಿದ್ದನ್ನು ಕೇಳಬೇಕು. ಕ್ಯಾಸೆಟ್ಟಿನಲ್ಲಿ ಬೇಕಾದ್ದನ್ನು ಬೇಕಾದಾಗ ಕೇಳಬಹುದು. 1978ರಲ್ಲಿ ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಭಾವಗೀತೆಯೂ ಅಂಗಡಿ ಸಾಮಾನಾಯ್ತು. ರೀಲು ಸಡಿಲಾದರೆ ಪೆನ್ಸಿಲ್ ತೂರಿಸಿ ಸುತ್ತುವುದು ಹುಡುಗರ ಕೆಲಸ. 2001ರಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಬಂತು. ಕರಕರ ಸದ್ದು ಹೋಯ್ತು, ಪಟಪಟ ಮಾತು ಬಂತು.

ಈಗ ಮೊಬೈಲ್. ಸಾವಿರಾರು ಹಾಡು ಅಂಗಿ ಜೇಬಿನಲ್ಲೇ ಇವೆ. ಕೇಳುಗ ಈಗಲಾದರೂ ಪೂರ್ತಿ ದೊರೆಯೇ? ಲೆಕ್ಕ ಹಾಕಿ ನೋಡಬೇಕು. ರೇಡಿಯೋಗೆ ಎರಡು ಸೆಲ್ ಹಾಕಿದರೆ ಸಾಕಿತ್ತು. ಮೊಬೈಲಿಗೆ ಕರೆನ್ಸಿ ಹಾಕುತ್ತಲೇ ಇರಬೇಕು. ಕೊಂಡ ಕ್ಯಾಸೆಟ್ ಮನೆಯದಾಗಿತ್ತು. ಈಗ ಚಂದಾ ನಿಂತರೆ ಕೂಡಿಟ್ಟ ಹಾಡೂ ನಿಂತಿತು. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಹಿಂದೆ ಏನೇನು ಕೇಳಿದ್ದಿರಿ ಅಂತ ಲೆಕ್ಕ ಹಿಡಿದು ಮುಂದಿನ ಹಾಡನ್ನು ಯಂತ್ರವೇ ಆರಿಸಿ ಕೊಡುತ್ತದೆ. ಆರಿಸುವವರು ಯಾರು, ಕೇಳುವವರು ಯಾರು?

ಒಂದು ರೇಡಿಯೋ ಹಾಡಿದರೆ ಇಡೀ ಅಂಗಡಿ ಸಾಲು ಕೇಳುತ್ತಿತ್ತು. ಬಸ್ಸಿನಲ್ಲೀಗ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಹಾಡು. ಕಿವಿಗೆ ಸಿಕ್ಕಿಸಿಕೊಳ್ಳದೆ ಜೋರಾಗಿ ಹಾಕುವವರ ಕಾಟ ಎಷ್ಟಾಯಿತೆಂದರೆ, 2021ರಲ್ಲಿ ಹೈಕೋರ್ಟಿನ ಆದೇಶದ ಮೇಲೆ ಕೆ.ಎಸ್.ಆರ್.ಟಿ.ಸಿ. ಬಸ್ಸುಗಳಲ್ಲಿ ಅದಕ್ಕೆ ತಡೆ ಬಿತ್ತು.

ಇಷ್ಟಾದರೂ ಆಕಾಶವಾಣಿ ಮೊಬೈಲಿನೊಳಗೂ ಜಾಗ ಹಿಡಿದಿದೆ. ಮಳೆಗಾಳಿಗೆ ಕರೆಂಟು ಹೋಗಿ, ನೆಟ್‌ವರ್ಕೂ ಕೈಕೊಟ್ಟ ರಾತ್ರಿ ಹವಾಮಾನ ಹೇಳಲು ಇಂದಿಗೂ ಎರಡು ಸೆಲ್ಲಿನ ಪೆಟ್ಟಿಗೆಯೇ ಬೇಕು. ಅಟ್ಟಕ್ಕೆ ಹಾಕಿದ್ದವರು ಒಮ್ಮೆ ಇಳಿಸಿ ಧೂಳು ಒರೆಸಿ ಇಡುವುದು ಒಳ್ಳೆಯದು. ಕಿವಿ ಹಿಂಡುವ ಅಧಿಕಾರ ಅಲ್ಲಾದರೂ ಕೈಯಲ್ಲಿರುತ್ತದೆ.