ಮಂಡಿಯೂರುವ ವಿಮಾನ

ನೂರ ತೊಂಬತ್ತು ಟನ್! ನೂರಾರು ಪೆಟ್ಟಿಗೆಗಳು ಸೇರಿ ಆದ ತೂಕವಲ್ಲ ಅದು, ಒಂದೇ ಒಂದು ಸರಕಿನ ತೂಕ. 2009ರ ಆಗಸ್ಟ್‌ನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್-ಹಾನ್ ನಿಲ್ದಾಣದಿಂದ ಅರ್ಮೇನಿಯಾದ ಯೆರೆವಾನ್‌ಗೆ ಒಂದು ಜನರೇಟರ್ ಹಾರಿಹೋಯಿತು. ಅಲ್ಲಿನ ಅನಿಲ ವಿದ್ಯುತ್ ಸ್ಥಾವರಕ್ಕೆ ಬೇಕಿದ್ದ ಯಂತ್ರ. ಹದಿನಾರು ಮೀಟರ್ ಉದ್ದ, ನಾಲ್ಕು ಮೀಟರಿಗೂ ಹೆಚ್ಚು ಅಗಲ. ಅದನ್ನು ಹಿಡಿದಿಟ್ಟ ಚೌಕಟ್ಟೂ ಸೇರಿ 189.98 ಟನ್. ನಾವು ಬೆಂಗಳೂರಿಂದ ಮುಂಬೈಗೋ ದೆಹಲಿಗೋ ಹೋಗುವಾಗ ಕೂರುತ್ತೇವಲ್ಲ, ಏರ್‌ಬಸ್ ಎ320, ಅಂಥ ನಾಲ್ಕು ಖಾಲಿ ವಿಮಾನಗಳನ್ನು ಒಟ್ಟಿಗೆ ತೂಗಿದರೂ ಈ ಲೆಕ್ಕಕ್ಕೆ ಸಾಲದು. ಹೊತ್ತೊಯ್ದ ವಿಮಾನದ ಹೆಸರು ಮ್ರಿಯಾ, ಎಎನ್-225. ಕಂಪನಿ, ಉಕ್ರೇನಿನ ಆಂಟೊನೊವ್ ಏರ್‌ಲೈನ್ಸ್.

ಈ ಕಂಪನಿಯ ಕಥೆಗೆ ಕೈ ಹಾಕಿದ ಮೇಲೆ ನನಗೆ ಬೇರೆ ವಿಮಾನಗಳೆಲ್ಲ ಚಿಕ್ಕದಾಗಿ ಕಾಣತೊಡಗಿವೆ. ಗಾತ್ರಕ್ಕಾಗಿ ಈ ಮಾತು ಹೇಳುತ್ತಿಲ್ಲ. ಗಾತ್ರ ಕಣ್ಣಿಗೆ ಮೊದಲು ಬೀಳುತ್ತದೆ, ಸರಿ. ಆದರೆ ನಿಜವಾದ ವಿಸ್ಮಯ ಬೇರೆಯೇ ಇದೆ. ಈ ವಿಮಾನಗಳು ಸರಕನ್ನು ಮಾತ್ರ ಹೊರುವುದಿಲ್ಲ; ಸರಕನ್ನು ಏರಿಸಿ ಇಳಿಸಲು ಬೇಕಾದ ಬಂದರನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಹಾರುತ್ತವೆ!

ಸಾಮಾನ್ಯ ಸರಕು ವಿಮಾನ ಹೇಗಿರುತ್ತದೆ ನೋಡಿ. ಪ್ರಯಾಣಿಕರ ವಿಮಾನದ ಪಕ್ಕೆಯಲ್ಲೊಂದು ದೊಡ್ಡ ಬಾಗಿಲು. ಅದು ನೆಲದಿಂದ ಎಷ್ಟೋ ಎತ್ತರದಲ್ಲಿ. ಕೆಳಗಿನಿಂದ ಲಿಫ್ಟ್ ಗಾಡಿ ಬಂದು ಎತ್ತಿಕೊಡದಿದ್ದರೆ ಒಂದು ಪೆಟ್ಟಿಗೆಯೂ ಒಳಗೆ ಹೋಗದು. ಅಂದರೆ ಹೋದ ಊರಿನಲ್ಲಿ ಎಲ್ಲ ಸಜ್ಜಾಗಿರಬೇಕು. ಆಂಟೊನೊವ್‌ನವರ ದುಡಿಮೆಯ ಎತ್ತು ಎಎನ್-124 ಹಾಗಲ್ಲ. ಅದರ ಮೂತಿ ಇಡಿಯಾಗಿ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಬಾಲದ ಕಡೆಯೂ ಬಾಗಿಲು ತೆರೆಯುತ್ತದೆ. ಹಾಗಾಗಿ ಲಾರಿ ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿದು ಹೋಗಬಹುದು. ಒಳಗೆ ಸುಮಾರು 36 ಮೀಟರ್ ಉದ್ದ, ಆರು ಮೀಟರಿಗೂ ಮೀರಿದ ಅಗಲ, ನಾಲ್ಕು ಮೀಟರಿಗೂ ಮೀರಿದ ಎತ್ತರದ ಅಂಗಳ. ಚಾವಣಿಗೆ ಹಳಿ ಹಾಕಿ ಕ್ರೇನುಗಳನ್ನು ತೂಗುಬಿಟ್ಟಿದ್ದಾರೆ.

ಇಷ್ಟಕ್ಕೇ ಮುಗಿಯಲಿಲ್ಲ. ಸರಕು ಏರಿಸುವ ಹೊತ್ತಿಗೆ ಈ ವಿಮಾನ ಮಂಡಿಯೂರುತ್ತದೆ! ಮುಂದಿನ ಚಕ್ರಗಳ ಕಾಲುಗಳು ಮಡಚಿಕೊಳ್ಳುತ್ತವೆ, ಊರುಗಾಲುಗಳು ಹೊರಬಂದು ಭಾರ ಹೊರುತ್ತವೆ, ಮೂತಿ ನೆಲದ ಹತ್ತಿರಕ್ಕೆ ಇಳಿಯುತ್ತದೆ, ಮಡಿಸಿಟ್ಟಿದ್ದ ರ‍್ಯಾಂಪ್ ಬಿಚ್ಚಿಕೊಂಡು ಮುಂದಕ್ಕೆ ಚಾಚುತ್ತದೆ. ಅಂಬಾರಿ ಹೊರುವ ಆನೆ ಮಾವುತನ ಮಾತಿಗೆ ಕಾಲು ಮಡಚುವುದನ್ನು ಕಂಡವರಿಗೆ ಈ ನೋಟ ಹೊಸದೆನಿಸದು. ಆದರೆ ಇಲ್ಲಿ ಮಡಚುತ್ತಿರುವುದು 24 ಚಕ್ರಗಳ, 73 ಮೀಟರ್ ರೆಕ್ಕೆಯ ಜೀವ.

ಒಳಗಿನ ಕೆಲಸ ಇನ್ನೂ ಸೊಗಸು. ಕ್ರೇನಿಗೂ ಮೀರಿದ ಭಾರವಾದರೆ ಹೊರಗಿನಿಂದ ಒಳಗಿನವರೆಗೆ ಹಳಿ ಹಾಸುತ್ತಾರೆ, ಸರಕನ್ನು ಅದರ ಮೇಲೆ ಕೂರಿಸಿ ವಿಂಚ್‌ನಿಂದ ಎಳೆಯುತ್ತಾರೆ. ಇಂಚು ಇಂಚಾಗಿ. ಅವಸರಕ್ಕೆ ಅಲ್ಲಿ ಎಡೆಯೇ ಇಲ್ಲ. ನೂರು ಟನ್ ಭಾರ ಒಂದೇ ಕಡೆ ಕೂತರೆ ನೆಲ ತಾಳದು. ಅದಕ್ಕೇ ಭಾರವನ್ನು ಹರಡುವ ಚೌಕಟ್ಟನ್ನು ಆಯಾ ಸರಕಿಗೆಂದೇ ಮೊದಲೇ ಲೆಕ್ಕ ಹಾಕಿ ಮಾಡಿಸಿರುತ್ತಾರೆ. ಭಾರ ತುಸು ಹಿಂದೆ ಸರಿದರೆ ಮೂತಿ ಎದ್ದೀತು, ಮುಂದೆ ಸರಿದರೆ ಮೂತಿ ಏಳಲಾರದೆ ಹೋದೀತು. ಆದ್ದರಿಂದ ವಿಮಾನದ ಗುರುತ್ವ ಕೇಂದ್ರ ಎಲ್ಲಿ ಬೀಳುತ್ತದೆ ಎಂಬ ಲೆಕ್ಕ ಲೋಡ್‌ಮಾಸ್ಟರ್‌ನದು. ಪೈಲಟ್‌ಗಳ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ನನ್ನ ಮಟ್ಟಿಗೆ ಈ ಕಥೆಯ ನಾಯಕ ಲೋಡ್‌ಮಾಸ್ಟರ್. ಕಾಗದ, ಪೆನ್ಸಿಲು, ಕಣ್ಣಳತೆ, ಸರಪಳಿ ಬಿಗಿಯುವ ಕೈ ಇವಿಷ್ಟರಿಂದ ಒಂದು ರೈಲು ಎಂಜಿನ್ನನ್ನು ಮುಗಿಲಿಗೆ ಕಳಿಸುವ ಮನುಷ್ಯ!

ಹೌದು, ರೈಲು ಎಂಜಿನ್ನೇ. 1994ರಲ್ಲಿ ಐರ್ಲೆಂಡ್‌ನ ರೈಲ್ವೆಗೆ ಕೆನಡಾದಲ್ಲಿ ಕಟ್ಟಿದ ನೂರು ಟನ್ನಿಗೂ ಮೀರಿದ ಡೀಸೆಲ್ ಎಂಜಿನ್, ಹಡಗಿಗೆ ಕಾಯದೆ, ಎಎನ್-124ರ ಹೊಟ್ಟೆಯಲ್ಲಿ ಅಟ್ಲಾಂಟಿಕ್ ದಾಟಿ ಡಬ್ಲಿನ್‌ಗೆ ಬಂದಿಳಿಯಿತು.

ಇಂಥ ಯಾತ್ರೆಗೆ ಇಬ್ಬರು ಪೈಲಟ್‌ಗಳು ಸಾಲರು. ಮೇಲಂತಸ್ತಿನ ಕಾಕ್‌ಪಿಟ್‌ನಲ್ಲೇ ಪೈಲಟ್‌ಗಳು, ನ್ಯಾವಿಗೇಟರ್, ಫ್ಲೈಟ್ ಎಂಜಿನಿಯರ್‌ಗಳು, ರೇಡಿಯೊ ನಿರ್ವಾಹಕ ಹೀಗೆ ಆರು ಜನ. ಜೊತೆಗೆ ಮೆಕ್ಯಾನಿಕ್‌ಗಳು, ಲೋಡ್‌ಮಾಸ್ಟರ್‌ಗಳು. ತುಂಬಿದ ವಿಮಾನ ಒಂದೇ ಉಸಿರಿಗೆ ದೂರ ಹೋಗಲಾರದು. 120 ಟನ್ ಹೊತ್ತರೆ ಐದು ಸಾವಿರ ಕಿಲೋಮೀಟರಿಗೂ ಮುಂಚೆಯೇ ಇಳಿದು ಇಂಧನ ತುಂಬಿಸಬೇಕು. ದಾರಿಯುದ್ದಕ್ಕೂ ಒಂದೊಂದು ದೇಶದ ಅನುಮತಿ, ಒಂದೊಂದು ರನ್‌ವೇಯ ತಾಳಿಕೆಯ ಲೆಕ್ಕ. ರಿಪೇರಿ ಬಂದರೆ ಮೆಕ್ಯಾನಿಕ್‌ಗಳು ಕೈಚೀಲ ತೆಗೆದು ತಾವೇ ಕೂರುತ್ತಾರೆ. ಇದಕ್ಕೆ ವೇಳಾಪಟ್ಟಿಯಿಲ್ಲ, ನಿತ್ಯದ ಮಾರ್ಗವಿಲ್ಲ. ಕರೆ ಬಂದ ಕಡೆಗೆ ಬಾಡಿಗೆ.

ಈ ವಿಮಾನ ಹುಟ್ಟಿದ್ದು ಮಾತ್ರ ಬಾಡಿಗೆಗಲ್ಲ. ಸೋವಿಯತ್ ಸೇನೆಗೆ ಟ್ಯಾಂಕು, ಕ್ಷಿಪಣಿ ಸಾಗಿಸಲೆಂದು ಕೀವ್‌ನ ಆಂಟೊನೊವ್ ವಿನ್ಯಾಸ ಕೇಂದ್ರ ಇದನ್ನು ರೂಪಿಸಿತು. 1982ರ ಡಿಸೆಂಬರ್‌ನಲ್ಲಿ ಎಎನ್-124 ಮೊದಲ ಸಲ ನೆಲ ಬಿಟ್ಟಿತು. ಸಂಸ್ಥೆಗೆ ಹೆಸರು ಕೊಟ್ಟ ಒಲೆಗ್ ಆಂಟೊನೊವ್ 1984ರಲ್ಲಿ ತೀರಿಕೊಂಡರು. ಮರುವರ್ಷ ಪ್ಯಾರಿಸ್ ವೈಮಾನಿಕ ಪ್ರದರ್ಶನದಲ್ಲಿ ಜಗತ್ತು ಈ ವಿಮಾನವನ್ನು ಕಣ್ಣಾರೆ ಕಂಡಿತು. ಸೇನೆ ಏನು ಬೇಡಿತ್ತು? ಕ್ರೇನಿಲ್ಲದ, ಗೋದಾಮಿಲ್ಲದ, ಒರಟು ನೆಲದಲ್ಲಿ ಇಳಿದು ತಾನೇ ಸರಕು ಇಳಿಸಿ ಬರುವ ವಿಮಾನ. ಆ ಬೇಡಿಕೆಯೇ ಮುಂದೆ ಅಣೆಕಟ್ಟು, ಗಣಿ, ತೈಲಬಾವಿಗಳಿಗೆ ವರವಾಯಿತು. ಯಾರು ಎಣಿಸಿದ್ದರು!

ಅಷ್ಟರಲ್ಲಿ ಸೋವಿಯತ್ ಬೊಕ್ಕಸ ಬರಿದಾಗುತ್ತಿತ್ತು. ವಿನ್ಯಾಸ ಕೇಂದ್ರಕ್ಕೆ ಹಣ ಬೇಕು, ಅಂಗಳದಲ್ಲಿ ದೈತ್ಯ ವಿಮಾನಗಳಿವೆ. 1989ರಲ್ಲಿ ಆಂಟೊನೊವ್ ಏರ್‌ಲೈನ್ಸ್ ಹುಟ್ಟಿತು. ಗಿರಾಕಿಗಳನ್ನು ಹುಡುಕಿಕೊಟ್ಟವರು ಇಂಗ್ಲೆಂಡಿನ ಏರ್ ಫಾಯಿಲ್ ಕಂಪನಿಯ ಕ್ರಿಸ್ಟೋಫರ್ ಫಾಯಿಲ್. ಲಂಡನ್ನಿನ ಹೆಸರಾಂತ ಫಾಯಿಲ್ಸ್ ಪುಸ್ತಕದಂಗಡಿಯ ಮನೆತನದವರು! ಪುಸ್ತಕ ಮಾರುವ ಮನೆಯ ಮಗ ಶೀತಲ ಸಮರದ ಆಚೆ ದಡದವರ ಜೊತೆ ಕೈ ಕುಲುಕಿ, ಅವರ ಸೇನಾ ವಿಮಾನಕ್ಕೆ ಪಶ್ಚಿಮದಲ್ಲಿ ಬಾಡಿಗೆ ಹಿಡಿದುಕೊಟ್ಟರು. ಬರ್ಲಿನ್ ಗೋಡೆ ಬಿದ್ದ ವರ್ಷವೇ ಶುರುವಾದ ಈ ಜೊತೆಗಾರಿಕೆ 2006ರವರೆಗೂ ನಡೆಯಿತು.

ಅವರಿಬ್ಬರ ಕೂಟದ ದೊಡ್ಡ ಸಾಹಸವೊಂದು ನಮ್ಮ ನೆಲದಲ್ಲೇ ಮುಗಿದದ್ದು. 1993ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಡಸೆಲ್‌ಡಾರ್ಫ್‌ನಿಂದ ದೆಹಲಿಗೆ 124 ಟನ್ ತೂಗುವ ವಿದ್ಯುತ್ ಜನರೇಟರಿನ ಗರ್ಭಭಾಗ ಎಎನ್-124ರಲ್ಲಿ ಬಂತು. ಚೌಕಟ್ಟೂ ಸೇರಿ 135 ಟನ್. ಅಲ್ಲಿಯವರೆಗೆ ಅಷ್ಟು ಭಾರದ ಒಂದೇ ಸರಕು ಆಕಾಶ ಕಂಡಿರಲಿಲ್ಲ. 2021ರ ಮೇ ತಿಂಗಳು ಯಾರಿಗೆ ಮರೆತೀತು? ಆಮ್ಲಜನಕಕ್ಕೆ ಜನ ಬಾಯಿಬಾಯಿ ಬಿಡುತ್ತಿದ್ದ ಆ ಕೋವಿಡ್ ದಿನಗಳಲ್ಲಿ ಬೆಲ್‌ಫಾಸ್ಟ್‌ನಿಂದ ತಲಾ 18 ಟನ್ನಿನ ಮೂರು ಆಮ್ಲಜನಕ ಘಟಕಗಳನ್ನೂ ಸಾವಿರ ವೆಂಟಿಲೇಟರ್‌ಗಳನ್ನೂ ದೆಹಲಿಗೆ ತಂದದ್ದು ಇದೇ ಜಾತಿಯ ವಿಮಾನ.

ಎಎನ್-124 ಏನೇನು ಮಾಡಬಲ್ಲದು ಎಂಬುದಕ್ಕೆ ನಾನು ಆರಿಸುವ ಸಾಕ್ಷಿ ಆಕ್ಸಮ್‌ನದು. ಇಥಿಯೋಪಿಯಾದ ಆ ಪುರಾತನ ನಗರದ 24 ಮೀಟರ್ ಎತ್ತರದ, ಸುಮಾರು 1,700 ವರ್ಷ ಹಳೆಯ ಕಲ್ಲಿನ ಕಂಬವನ್ನು ಮುಸೊಲಿನಿಯ ಸೈನ್ಯ 1937ರಲ್ಲಿ ರೋಮ್‌ಗೆ ಹೊತ್ತೊಯ್ದಿತ್ತು. ಹಿಂತಿರುಗಿಸುವ ಮಾತು 1947ರಲ್ಲೇ ಕೊಟ್ಟಾಗಿತ್ತು. ಆದರೆ ಹೇಗೆ? ಕಂಬ ಸಾಗಿಹೋಗಿದ್ದ ಮಸ್ಸಾವಾ ಬಂದರು ಈಗ ಎರಿಟ್ರಿಯಾದಲ್ಲಿ. ಎರಡು ದೇಶಗಳ ನಡುವಿನ ಯುದ್ಧ ಆ ದಾರಿಯನ್ನು ಮುಚ್ಚಿತ್ತು. ಉಳಿದದ್ದು ಆಕಾಶ ಒಂದೇ. ಕಲ್ಲನ್ನು ಮೂರು ತುಂಡಾಗಿ ಬಿಡಿಸಿದರು. ಆಕ್ಸಮ್ ಇರುವುದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲೆ. ಅಲ್ಲಿ ಗಾಳಿಯೇ ತೆಳು. ಬಿಸಿಲೇರಿದರೆ ಇನ್ನಷ್ಟು ತೆಳುವಾಗಿ ರೆಕ್ಕೆಗೆ ಆಸರೆ ಸಿಗದು. ಅದಕ್ಕೇ ಮುಂಜಾನೆಯ ತಂಪಿನಲ್ಲೇ ಇಳಿಯಬೇಕು. 2005ರ ಏಪ್ರಿಲ್‌ನಲ್ಲಿ ಮೂರು ಸಲ ಬಂತು ಎಎನ್-124, ಮೂರು ಸಲ ಒಂದೊಂದು ತುಂಡು ಇಳಿಸಿತು. ಅರವತ್ತೆಂಟು ವರ್ಷದ ಮೇಲೆ ಕಲ್ಲು ತನ್ನ ಊರು ಸೇರಿತು. ಸರಕು ಸಾಗಣೆ ಎಂದರೆ ಲಾಭನಷ್ಟದ ಒಣ ವ್ಯವಹಾರ ಎನ್ನುವವರಿಗೆ ನಾನು ಈ ಕಥೆ ಹೇಳುತ್ತೇನೆ.

ಮ್ರಿಯಾದ ಬಾಳು ಬೇರೆ ಬಗೆಯದು. ಸೋವಿಯತ್ ಬಾಹ್ಯಾಕಾಶ ನೌಕೆ ಬುರಾನ್ ಅನ್ನು ಬೆನ್ನ ಮೇಲೆ ಹೊರಲೆಂದೇ ಕಟ್ಟಿದ್ದು. ಆರು ಎಂಜಿನ್, 32 ಚಕ್ರ, 84 ಮೀಟರ್ ಉದ್ದ, ತನ್ನ ತೂಕವೂ ಸೇರಿ ಒಟ್ಟು 640 ಟನ್‌ನೊಂದಿಗೆ ನೆಲ ಬಿಟ್ಟು ಏಳುವ ತಾಕತ್ತು. 1988ರ ಡಿಸೆಂಬರ್ 21ರಂದು ಮೊದಲ ಹಾರಾಟ, ಮರುವರ್ಷ ಬುರಾನ್ ಹೊತ್ತು ಪ್ಯಾರಿಸ್‌ಗೆ. ಬಾಹ್ಯಾಕಾಶ ಯೋಜನೆ ನಿಂತಿತು, ಮ್ರಿಯಾ 1994ರಲ್ಲಿ ಮೂಲೆಗೆ ಬಿತ್ತು. ಎಂಜಿನ್‌ಗಳನ್ನು ಬಿಚ್ಚಿ ಎಎನ್-124ಗಳಿಗೆ ಹಾಕಿದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಬಾಡಿಗೆ ವ್ಯವಹಾರ ಬೆಳೆದು, 120 ಟನ್ನಿಗೂ ಮೀರಿದ ಸರಕಿಗೆ ಕರೆ ಬರತೊಡಗಿತು. 2001ರ ಮೇ ತಿಂಗಳಲ್ಲಿ ಮ್ರಿಯಾ ಮತ್ತೆ ಹಾರಿತು! ಮುಂದಿನ ಜನವರಿಯಲ್ಲಿ ಮೊದಲ ಬಾಡಿಗೆ: ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಒಮಾನ್‌ಗೆ, ಅಮೆರಿಕದ ಸೈನಿಕರಿಗೆ 2,16,000 ಊಟದ ಪೊಟ್ಟಣ. 2010ರಲ್ಲಿ ಚೀನಾದಿಂದ ಡೆನ್ಮಾರ್ಕ್‌ಗೆ 42 ಮೀಟರ್ ಉದ್ದದ ಎರಡು ಗಾಳಿಯಂತ್ರದ ರೆಕ್ಕೆಗಳು. 2016ರ ಮೇ 13ರಂದು ಪ್ರಾಗ್‌ನಿಂದ ಆಸ್ಟ್ರೇಲಿಯಾದ ಪರ್ತ್‌ಗೆ ಜನರೇಟರ್ ಒಯ್ಯುತ್ತ ನಡುದಾರಿಯಲ್ಲಿ ನಮ್ಮ ಪಕ್ಕದ ಹೈದರಾಬಾದಿನಲ್ಲಿ ಇಳಿಯಿತು.

ಜಗತ್ತಿನಲ್ಲಿ ಅದೊಂದೇ ಇತ್ತು. ಇನ್ನೊಂದರ ಒಡಲು ಅರ್ಧ ಕಟ್ಟಿದ್ದು ಕೀವ್‌ನಲ್ಲೇ ಉಳಿದಿತ್ತು.

2022ರ ಫೆಬ್ರವರಿ 24ರಂದು ರಷ್ಯಾ ದಾಳಿ ಮಾಡಿದಾಗ ಮೊದಲ ದಿನವೇ ಹೋರಾಟ ನಡೆದ ಜಾಗಗಳಲ್ಲಿ ಕೀವ್ ಬಳಿಯ ಹೊಸ್ಟೊಮೆಲ್ ಒಂದು. ಆಂಟೊನೊವ್ ಏರ್‌ಲೈನ್ಸ್‌ನ ಮನೆ ಅದು. ದುರಸ್ತಿಗೆಂದು ನಿಂತಿದ್ದ ಮ್ರಿಯಾ ಅಲ್ಲೇ ಸುಟ್ಟುಹೋಯಿತು. ಅದನ್ನು ಬರೆಯುವಾಗ ಈಗಲೂ ನನ್ನ ಎದೆ ಭಾರವಾಗುತ್ತದೆ. ಯಾವ ಸೇನೆಗೂ ಸೇರದೆ ಜನರೇಟರು, ಔಷಧ, ಯಂತ್ರ ಹೊತ್ತು ದುಡಿದ ವಿಮಾನ.

ಆದರೆ ಕಂಪನಿ ನಿಲ್ಲಲಿಲ್ಲ, ನೋಡಿ! ನೆಲೆಯನ್ನು ಜರ್ಮನಿಯ ಲೈಪ್‌ಜಿಗ್‌ಗೆ ಬದಲಿಸಿ, ಹೊರಗೆ ಉಳಿದಿದ್ದ ಐದು ಎಎನ್-124ಗಳಿಂದ ದುಡಿಮೆ ಮುಂದುವರಿಸಿತು. ಬುಚಾದಂತೆ, ಇರ್ಪಿನ್‌ನಂತೆ ಧೀರರಾಗಿ ಎಂದು ಯುದ್ಧದಲ್ಲಿ ನಲುಗಿದ ಊರುಗಳನ್ನು ನೆನೆಯುವ ಬರಹಗಳು ವಿಮಾನಗಳ ಮೈಮೇಲೆ ಬಂದವು. ಕಷ್ಟ ಕಡಿಮೆಯೇನಲ್ಲ. ಈ ಜಾತಿಯ ಹೊಸ ವಿಮಾನವನ್ನು ಎರಡು ದಶಕಗಳಿಂದ ಯಾರೂ ಕಟ್ಟಿಲ್ಲ. ಎಂಜಿನ್ ತಯಾರಾಗುತ್ತಿದ್ದ ಊರು ಝಪೊರಿಝಿಯಾ, ಅದು ರಣರಂಗದ ಅಂಚಿನಲ್ಲಿದೆ. ಇರುವುದನ್ನೇ ಕಾಪಾಡಿಕೊಂಡು, ಹಳೆಯ ಭಾಗಗಳಿಗೆ ಮರುಜೀವ ಕೊಟ್ಟು ಹಾರಿಸಬೇಕು.

ಯುದ್ಧ ಶುರುವಾದಾಗ ಕೀವ್‌ನಲ್ಲೇ ಸಿಕ್ಕಿಹಾಕಿಕೊಂಡ ಎಎನ್-124 ಒಂದಿತ್ತು. ನಾಗರಿಕ ವಿಮಾನಗಳಿಗೆ ಉಕ್ರೇನಿನ ಆಕಾಶ ಮುಚ್ಚಿ ಮೂರು ವರ್ಷ ದಾಟಿತ್ತು, ಕ್ಷಿಪಣಿ ಡ್ರೋನ್‌ಗಳ ದಾಳಿ ನಡೆದೇ ಇತ್ತು. ಅಂಥ ಕಡೆ, ಎಲ್ಲಿಯೂ ಬಚ್ಚಿಡಲಾಗದ 69 ಮೀಟರ್ ಉದ್ದದ ಆ ವಿಮಾನವನ್ನು ಮೆಕ್ಯಾನಿಕ್‌ಗಳು ಹಾರುವ ಸ್ಥಿತಿಗೆ ತಂದರು. 2025ರ ಜುಲೈ 11ರಂದು ಅದು ಕೀವ್‌ನಿಂದ ಎದ್ದು, ಗಡಿ ದಾಟಿ, ಲೈಪ್‌ಜಿಗ್‌ನಲ್ಲಿ ಉಳಿದ ಐದರ ಜೊತೆ ಬಂದು ನಿಂತಿತು. ಅಲ್ಲಿಗೆ ಆರಾದವು. ಟರ್ಬೈನು, ಉಪಗ್ರಹ, ಹೆಲಿಕಾಪ್ಟರು, ಹಡಗಿಗೆ ಕಾಯಲಾಗದ ಎಷ್ಟೋ ಸರಕು ಅವುಗಳ ಸರದಿಗೆ ಕಾದಿವೆ.