ಮೀನಮಾಸದ ಮಳೆ: ಮುಂದಿನ ವಾರವನ್ನು ಓದುವ ಬಗೆ

ಮೀನಮಾಸ ಹಿಡಿದ ಮೇಲೆ ಬೆಳೆಗಾರ ಬಾಂಧವರು ಎಲ್ಲಿ ಭೇಟಿಯಾದರೂ ಮೊದಲ ಮಾತು ಮಳೆಯದೇ. ದಕ್ಷಿಣ ಕನ್ನಡದ ಘಟ್ಟದ ಬುಡದಲ್ಲಿ ಕಾಫಿ, ಅಡಿಕೆ ಎರಡನ್ನೂ ಇಟ್ಟುಕೊಂಡ ಸಣ್ಣ ಹಿಡುವಳಿದಾರರಿಗಂತೂ ಇದು ಇಬ್ಬಂದಿಯ ಕಾಲ. ರೊಬಸ್ಟಾ ಮೊಗ್ಗು ಹೂಮಳೆಗಾಗಿ ಕಾದಿದೆ; ಅಂಗಳದಲ್ಲಿ ಕೊನೆಯ ಕೊಯ್ಲಿನ ಅಡಿಕೆ ಒಣಗುತ್ತಿದೆ. ಒಂದೇ ಮಳೆ ತೋಟಕ್ಕೆ ವರ, ಅಂಗಳಕ್ಕೆ ಶಾಪ. ಕೆರೆಯಲ್ಲಿ ಒಂದು ಬಾರಿಗೆ ಸಾಲುವಷ್ಟೇ ನೀರಿರುವವರು ಪಂಪು ಹೂಡಬೇಕೆ, ಇನ್ನೂ ನಾಲ್ಕು ದಿನ ಕಾಯಬೇಕೆ ಎಂದು ನಮ್ಮನ್ನು ಕೇಳುತ್ತಿರುತ್ತಾರೆ.

ಈ ಕಾಲದ ಮಳೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಹೊತ್ತೇರಿದಂತೆ ನೆಲ ಕಾಯುತ್ತದೆ, ಸಮುದ್ರದ ಕಡೆಯಿಂದ ತೇವದ ಗಾಳಿ ಒಳನಾಡಿಗೆ ಬೀಸುತ್ತದೆ. ಅದು ಘಟ್ಟಕ್ಕೆ ತಾಗಿ ಮೇಲೇರುವಾಗ ಮೂಡಣ ಬಯಲುಸೀಮೆಯ ಒಣಗಾಳಿ ಎದುರಾಗುತ್ತದೆ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಘಟ್ಟದ ತಲೆಯ ಮೇಲೆ ಮೋಡ ಗೋಪುರದಂತೆ ಬೆಳೆದು, ಮೇಲಿನ ಗಾಳಿ ತಳ್ಳಿದತ್ತ ಸರಿಯುತ್ತದೆ. ಆದ್ದರಿಂದಲೇ ಮಳೆಗಾಲದ ಮಳೆ ಪಡುವಣದಿಂದ ಬಂದರೆ, ಈ ಗುಡುಗಿನ ಮಳೆ ಹೆಚ್ಚಾಗಿ ಸಂಜೆಗೆ ಮೂಡಣದಿಂದ ಇಳಿಯುತ್ತದೆ. ಒಂದೊಂದು ಮೋಡದ ಹರವು ಕೆಲವೇ ಮೈಲಿ. ಒಬ್ಬರ ತೋಟದಲ್ಲಿ ಚರಂಡಿ ತುಂಬಿ ಹರಿದ ದಿನವೇ ಹೊಳೆಯಾಚೆಯವರ ತೋಟದಲ್ಲಿ ತರಗೆಲೆಯೂ ನೆನೆಯದಿರುವುದು ಇದರಿಂದಲೇ.

ಹವಾಮಾನ ಇಲಾಖೆಯ ಮುನ್ಸೂಚನೆಯನ್ನು 'ಸುಳ್ಳು' ಎಂದು ತಳ್ಳಿಹಾಕುವವರು ಅದರ ಮಾತಿನ ಅಳತೆಯನ್ನು ಗಮನಿಸಬೇಕು. 'ಒಂದೆರಡು ಕಡೆ' ಮಳೆ ಎಂದರೆ ಆ ಪ್ರದೇಶದ ಮಳೆ ಅಳೆಯುವ ಕೇಂದ್ರಗಳಲ್ಲಿ ನೂರಕ್ಕೆ 25ಕ್ಕೆ ಮೀರದಷ್ಟು ಕಡೆ. 'ಕೆಲವು ಕಡೆ' ಎಂದರೆ 26ರಿಂದ 50, 'ಹಲವು ಕಡೆ' ಎಂದರೆ 51ರಿಂದ 75. ಇನ್ನು 'ಹಗುರ ಮಳೆ' ಎಂಬುದು 2.5ರಿಂದ 15.5 ಮಿಲಿಮೀಟರು. ಅಂದಮೇಲೆ ಒಂದೆರಡು ಕಡೆ ಹಗುರ ಮಳೆ ಎಂಬ ಸೂಚನೆಯನ್ನು ನೆಚ್ಚಿ ಕಾಫಿಗೆ ನೀರು ಹಾಯಿಸುವುದನ್ನು ಮುಂದೂಡುವುದು ಸರಿಯಲ್ಲ. ಬಂದರೂ ಅದು ಸಾಲದು.

ಏಕೆಂದರೆ ರೊಬಸ್ಟಾಕ್ಕೆ ಹೂಮಳೆ ಒಂದು ಇಂಚಾದರೂ, ಅಂದರೆ 25 ಮಿಲಿಮೀಟರಾದರೂ, ಬೇಕು. ನಮ್ಮ ಲೆಕ್ಕದಲ್ಲಿ 100 ಸೆಂಟ್ಸ್. 30–40 ಸೆಂಟ್ಸ್ ಬಿದ್ದು ನಿಂತರೆ ಅದು ಬಾರದ್ದಕ್ಕಿಂತಲೂ ಕೆಟ್ಟದ್ದು: ಮೊಗ್ಗು ಎಚ್ಚರಗೊಳ್ಳುತ್ತದೆ, ಪೂರ್ತಿ ಅರಳುವಷ್ಟು ತೇವ ಸಿಗದೆ ಮುರುಟುತ್ತದೆ. ವರ್ಷದ ಫಸಲು ಅಲ್ಲೇ ಹೋಯಿತು. ಆದ್ದರಿಂದ ಅರೆಮಳೆಯಾದ ಮರುದಿನವೇ ಕೊರತೆಯಷ್ಟನ್ನು ಸ್ಪ್ರಿಂಕ್ಲರಿನಿಂದ ತುಂಬಬೇಕು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1 ಲಕ್ಷ ಲೀಟರು. 60 ಸೆಂಟ್ಸ್ ಮಳೆಯಾಗಿದ್ದರೆ ಉಳಿದದ್ದಕ್ಕೆ ಸುಮಾರು 40 ಸಾವಿರ ಲೀಟರು ಸಾಕು. ಕೆರೆಯ ನೀರು ಕಡಿಮೆಯಿದ್ದವರು ಇಡೀ ತೋಟಕ್ಕೆ ಚಿಮುಕಿಸುವುದಕ್ಕಿಂತ ಒಂದೆರಡು ಎಕರೆಗಾದರೂ ಪೂರ್ತಿ ಕೊಡುವುದೇ ಮೇಲೆಂದು ನಮ್ಮ ಅಭಿಪ್ರಾಯ. ಮುಂದೆ ಎರಡು–ಮೂರು ವಾರದೊಳಗೆ ಕಾಯಿಮಳೆಯೂ ಬೇಕಾಗುತ್ತದೆ ಎಂಬುದನ್ನು ಕೆರೆ ಖಾಲಿ ಮಾಡುವ ಮುನ್ನ ನೆನಪಿಡಿ.

ಇನ್ನೊಂದು ತೊಡಕುಂಟು. ನೀರು ಬಿದ್ದ ಸುಮಾರು ಎಂಟನೆಯ ದಿನಕ್ಕೆ ಹೂ ಬಿಡುತ್ತದೆ. ಆ ಬೆಳಿಗ್ಗೆಯೇ ಮಳೆ ಸುರಿದರೆ ಪರಾಗ ತೊಳೆದುಹೋಗುತ್ತದೆ, ಜೇನೂ ಹಾರದು. ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲ ಅರೇಬಿಕಾ ಇದನ್ನು ಅಷ್ಟಿಷ್ಟು ತಾಳೀತು. ಬೇರೆ ಗಿಡದ ಪರಾಗವೇ ಬೇಕಾದ ರೊಬಸ್ಟಾ ತಾಳದು. ಆದರೆ ಎಂಟು ದಿನ ಮುಂದಿನ ಗುಡುಗು ಮಳೆಯನ್ನು ಇಂಥ ಊರಿನಲ್ಲೇ ಎಂದು ಹೇಳಬಲ್ಲವರು ಯಾರೂ ಇಲ್ಲ. ಮುನ್ಸೂಚನೆಯಲ್ಲಿ ಮೊದಲ ಎರಡು ದಿನದ್ದನ್ನು ನಂಬಿ ಕೆಲಸ ಹಂಚಿಕೊಳ್ಳಬಹುದು, ಮುಂದಿನದನ್ನು ಬರಿಯ ಒಲವೆಂದು ತಿಳಿಯಬೇಕು.

ಅಡಿಕೆಯ ಮಾತು ಇಷ್ಟು ಜಟಿಲವಲ್ಲ. ಚಾಲಿಗೆ 35–40 ದಿನದ ಬಿಸಿಲು ಬೇಕು. ನಡುವೆ ಒಮ್ಮೆ ನೆನೆದರೂ ಬೂಷ್ಟು ಹಿಡಿದು ದರ ಇಳಿಯುತ್ತದೆ. ಬೆಳಿಗ್ಗೆ ಸೆಕೆ ಹೆಚ್ಚಿ, ಮೂಡಣದಲ್ಲಿ ಮೋಡ ಏಳುವುದು ಕಂಡರೆ ಮೂರು ಗಂಟೆಯೊಳಗೆ ಅಡಿಕೆ ರಾಶಿ ಮಾಡಿ ಟಾರ್ಪಾಲು ಹೊದೆಸಿರಿ. ಮರುದಿನ ಬಿಸಿಲೇರಿದೊಡನೆ ಬಿಚ್ಚಿ ಹರವಬೇಕು, ಮುಚ್ಚಿಟ್ಟರೆ ಒಳಗೇ ಬೆವರುತ್ತದೆ. ಅಡಿಕೆ ಮರಕ್ಕೆ ಬಿಡುವ ನೀರನ್ನು 20–30 ಸೆಂಟ್ಸ್ ಮಳೆ ಕಂಡು ನಿಲ್ಲಿಸಬೇಡಿ. ಅದು ಸೋಗೆ, ತರಗೆಲೆ ನೆನೆಸುವುದಕ್ಕೇ ಸರಿಹೋಗುತ್ತದೆ. ಗುಡುಗು ಕೇಳಿಸಿದ ಮೇಲೆ ಮಾತ್ರ ಸ್ಪ್ರಿಂಕ್ಲರ್ ಪೈಪು ಹೊತ್ತು ತೋಟದಲ್ಲಿ ತಿರುಗುವುದು ಬೇಡ. ಆಳುಗಳನ್ನೂ ಮನೆಯೊಳಗೆ ಕರೆಸಿಕೊಳ್ಳಿ.

ಇಷ್ಟಕ್ಕೂ ನೆರೆಮನೆಯ ಮಳೆಯ ಲೆಕ್ಕ ನಿಮ್ಮ ತೋಟಕ್ಕೆ ಹೊಂದದು. ಮರದ ನೆರಳಿಲ್ಲದ ಬಯಲು ಜಾಗದಲ್ಲಿ ಸ್ವಂತ ಮಳೆಮಾಪಕವೊಂದನ್ನು ನಿಲ್ಲಿಸಿ, ಇಲಾಖೆಯವರು ಅಳೆಯುವ ಬೆಳಿಗ್ಗೆ 8.30ಕ್ಕೇ ನೀವೂ ಅಳೆದು ಬರೆದಿಡಿ. ಅದರ ಒಂದು ಪ್ರತಿಯನ್ನು ತಿಂಗಳ ಕೊನೆಗೆ ಸಂಘದ ಕಚೇರಿಗೆ ತಲಪಿಸಿದರೆ ಊರೂರಿನ ಮಳೆಯನ್ನು ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.